ಸವತಿಯ ಮುಖ

ನನ್ನನ್ನು ಹಡೆದವಳ ಮುಖವನ್ನು ನಾನು ಮೊದಲು ನೋಡಿದ್ದು ಇನ್ನೊಬ್ಬಳ ಕೊರಳಲ್ಲಿ. ಅವ್ವ ಬಾಣಂತನದಲ್ಲೇ ತೀರಿಕೊಂಡಳು. ವರ್ಷ ತುಂಬುವುದರೊಳಗೆ ಅಪ್ಪ ಮತ್ತೆ ಮದುವೆಯಾದ. ಸತ್ತವಳು ಬಂದವಳನ್ನು ಕಾಡಬಾರದೆಂದು ನಮ್ಮಲ್ಲಿ ಎರಡನೆಯವಳ ಕೊರಳಿಗೆ ಮೊದಲನೆಯವಳ ಮುಖವಿರುವ ಬಿಲ್ಲೆ ಕಟ್ಟುತ್ತಾರೆ. ಆ ಬಿಲ್ಲೆಯ ಹೆಸರೇ ಸವತಿ. ಹೊಸದು ಮಾಡಿಸುವ ಬದಲು ನಮ್ಮಜ್ಜಿ ದೇವರ ಜಗಲಿಯ ಪೆಟ್ಟಿಗೆಯಿಂದ ಕೊಂಡಿಯಿದ್ದ ದೊಡ್ಡ ಬಂಗಾರದ ಬಿಲ್ಲೆಯೊಂದನ್ನು ತೆಗೆದು ಕಟ್ಟಿದಳಂತೆ. ಅದರಲ್ಲಿ ಮುಖವೊಂದು ಮೊದಲೇ ಇತ್ತು.

ಹದಿನೇಳರ ಚಿಗವ್ವ, ಅಂದರೆ ನನ್ನ ಮಲತಾಯಿ, ಅದು ಅವ್ವನ ಮುಖವೆಂದೇ ನಂಬಿದಳು. ನಾನೂ ನಂಬಿದೆ. ಚಿಕ್ಕನರಗುಂದದಲ್ಲಿದ್ದ ಅವ್ವನ ತವರಿನಲ್ಲೂ ಅವಳದೊಂದು ಫೋಟೊ ಇರಲಿಲ್ಲ. ಬಿಲ್ಲೆಯ ಮುಖಕ್ಕೆ ಹಣೆಯ ಮೇಲೆ ಮುತ್ತಿನ ಪಟ್ಟಿ, ಹೆಗಲ ಮೇಲೆ ಸೆರಗು, ನೆಟ್ಟ ಕಣ್ಣು. ಸುತ್ತ ಇಂಗ್ಲಿಷಿನಂಥ ಅಕ್ಷರಗಳು. ಶಾಲೆಯಲ್ಲಿ ಎಬಿಸಿಡಿ ಕಲಿತ ದಿನವೇ ಅದರಲ್ಲಿ ಅವ್ವನ ಹೆಸರು ಹುಡುಕಿದೆ. ಸಿಗಲಿಲ್ಲ.

ಚಿಗವ್ವ ಮಗ್ಗಕ್ಕೆ ಕೂರುವ ಮುಂಚೆ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ಹೊಸ ಸೀರೆಯನ್ನು ಮೊದಲು ಅದಕ್ಕೆ ಸೋಕಿಸಿ, "ಅಕ್ಕಾ, ನಾ ಉಡ್ಲೇನವಾ?" ಎಂದು ಕೇಳುತ್ತಿದ್ದಳು. ಊಟದ ಮೊದಲ ತುತ್ತೂ ಅದಕ್ಕೇ. ಅವಳಿಗೆ ಮಕ್ಕಳಾಗಲಿಲ್ಲ, ಅದು ಅವ್ವನ ಮುನಿಸೆಂದೇ ತಿಳಿದಳು. ನಾನೇನು ಕಡಿಮೆ? "ಅವ್ವಗ ಹೇಳ್ತೀನಿ ನೋಡು" ಎಂದು ಹೆದರಿಸಿ ತಲೆಯ ಮೇಲೆ ಕೂತೆ. ಎತ್ತಿದ ಕೈಯನ್ನು ಆಕೆ ಹಾಗೇ ಇಳಿಸುತ್ತಿದ್ದಳು.

ಕಳೆದ ವರ್ಷ ಕೊಂಡಿ ಸವೆಯಿತು. ಗಜೇಂದ್ರಗಡದ ಅಕ್ಕಸಾಲಿಗನ ಅಂಗಡಿಗೆ ಇಬ್ಬರೂ ಹೋದೆವು. ಅಲ್ಲಿ ನರಗುಂದದ ನಿವೃತ್ತ ಮಾಸ್ತರರೊಬ್ಬರು ಕೂತಿದ್ದರು, ಹಳೆಯ ನಾಣ್ಯಗಳ ಹುಚ್ಚಿನವರು. ಬಿಲ್ಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದು ರೋಮಿನ ಬಾದಶಹಾನ ಮಾರಿ ಐತ್ರಿ. ಸಾವಿರದ ಆರನೂರು ವರ್ಷದ್ದು. ಸಂತ್ಯಾಗ ಓಡ್ಯಾಡಿದ ನಾಣ್ಯ ಅಲ್ಲ, ತನ್ನ ಸರದಾರಗ ಅಂವ ಖುದ್ದ ಕೊಟ್ಟ ಇನಾಮು. ಭಾಳ ಅಪರೂಪ!"

"ಗಂಡಸೇನ್ರಿ? ಖರೇನ?" ಎಂದಳು ಚಿಗವ್ವ.

"ಹೌದ್ರಿ. ಈ ಮುತ್ತಿನ ಪಟ್ಟಿ ಅವನ ಕಿರೀಟ."

ಸಂತೋಷದಿಂದ ಹೊಳೆಯುತ್ತಿದ್ದ ಆ ಮಾಸ್ತರರ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ನನಗಿದ್ದ ಒಬ್ಬಳೇ ಒಬ್ಬ ಅವ್ವನನ್ನು ಕಸಿದುಕೊಂಡಿದ್ದರು. ಐವತ್ತರ ಹೆಂಗಸು ನಾನು, ಅಂಗಡಿಯಲ್ಲೇ ನಿಂತು ಅತ್ತುಬಿಟ್ಟೆ.

ಚಿಗವ್ವ ಅಳಲಿಲ್ಲ, ಹೆದರಿದಳು. "ಹಂಗಾರ ಆಕಿ ಇಷ್ಟ ವರ್ಷ ಎಲ್ಲಿದ್ಲು? ನಾ ಯಾವಂಗೋ ಉಣಿಸಿದೆ. ಆಕಿ ಹಸಗೊಂಡು ನಮ್ಮ ಬಾಗಲದಾಗ ನಿಂತಿದ್ಲೇನ್ರಿ?"

ಮಾಸ್ತರರು ಬಿಲ್ಲೆಯನ್ನು ಮೆಲ್ಲಗೆ ಅವಳ ಅಂಗೈಗೆ ಮರಳಿಸಿದರು.

ಮೂರು ದಿನ ಆಕೆ ಊಟ ಮುಟ್ಟಲಿಲ್ಲ. ಹಾಡಹಗಲಲ್ಲೇ ಬಾಗಿಲ ಕಡೆ ನೋಡುತ್ತ ಕೂತಳು. ನೋಡನೋಡುತ್ತ ನನಗೂ ಅದೇ ಅಂಟಿತು. ಹೊಸ್ತಿಲ ಮೇಲೆ ನೆರಳು ಬಿದ್ದರೆ ಎದ್ದು ಹೋಗಿ ನೋಡುತ್ತಿದ್ದೆ. ನಾಲ್ಕನೆಯ ದಿನ ಆಕೆ ನನ್ನನ್ನು ಎಳೆದುಕೊಂಡು ಮತ್ತೆ ಅದೇ ಅಂಗಡಿಗೆ ಹೋಗಿ, ಬೆಳ್ಳಿಯಲ್ಲಿ ಹೊಸ ಸವತಿ ಮಾಡಿಕೊಡು ಎಂದಳು.

"ಮಾರಿ ಹ್ಯಾಂಗ ಇರಬೇಕ್ರಿ ಅಮ್ಮಾರ?" ಎಂದ ಅಕ್ಕಸಾಲಿಗ.

ಚಿಗವ್ವ ನನ್ನ ಗದ್ದ ಹಿಡಿದು ಅವನ ಕಡೆ ತಿರುಗಿಸಿದಳು. "ಹಿಂಗ. ಆಕಿ ಹೊಟ್ಟಿಲಿಂದ ಬಂದ ಮಾರಿ ಇದೊಂದ ಉಳದೈತಿ."

ಬೇಡ ಎನ್ನಬೇಕಿತ್ತು. ಆದರೆ ಮೂರು ದಿನ ಉಣ್ಣದ ಅವಳ ಮುಖ ನೋಡಿ ಗದ್ದವನ್ನು ಅವಳ ಕೈಯಲ್ಲೇ ಬಿಟ್ಟೆ.

ಬಾದಶಹ ಈಗ ಕಪಾಟಿನಲ್ಲಿದ್ದಾನೆ. ಮಾಸ್ತರರು ವಾರಕ್ಕೊಮ್ಮೆ ಫೋನು ಮಾಡಿ ಅವನ ಯೋಗಕ್ಷೇಮ ವಿಚಾರಿಸುತ್ತಾರೆ. ಚಿಗವ್ವನ ಕೊರಳಲ್ಲಿ ನಾನಿದ್ದೇನೆ. ಮಧ್ಯಾಹ್ನ ಇಬ್ಬರೂ ಎದುರುಬದುರು ಕೂರುತ್ತೇವೆ. ಆಕೆ ರೊಟ್ಟಿ ಮುರಿದು ಮೊದಲ ತುತ್ತನ್ನು ಆ ಬೆಳ್ಳಿಯ ಬಾಯಿಗೆ ಸೋಕಿಸಿ, "ಉಣ್ಣವಾ ಅಕ್ಕಾ, ಸಿಟ್ಟಾಗಬ್ಯಾಡ" ಎಂದು ಬೇಡಿಕೊಳ್ಳುತ್ತಾಳೆ. ಅವಳ ಎದುರಿಗೇ ಇರುವ ನಾನು, ಸತ್ತ ನನ್ನ ಊಟ ಮುಗಿಯಲೆಂದು ಬಾಯಿ ಮುಚ್ಚಿಕೊಂಡು ಕಾಯುತ್ತೇನೆ.