ಗೆದ್ದವರ ಟವೆಲ್

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಗೆ ನಾನು ಕಾಲಿಟ್ಟಾಗ ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಮಹಿಳಾ ರಗ್ಬಿ ಪಂದ್ಯಾವಳಿ ಶುರುವಾಗಲು ಇನ್ನೂ ಎಂಟು ದಿನವಿತ್ತು. ಗೆಲ್ಲಬಹುದಾದ ನಾಲ್ಕು ದೇಶಗಳ ಹೆಸರಿನ 'ಚಾಂಪಿಯನ್' ಟವೆಲ್‌ಗಳನ್ನು ಇಲ್ಲಿ ಆಗಲೇ ನೇಯ್ದಿಟ್ಟಿದ್ದರು. ಭಾರತದ ಹೆಸರಿಗೆ ಆರ್ಡರೇ ಬಂದಿರಲಿಲ್ಲ.

"ಉಳದ ನೂಲಿನಾಗ ನಮ್ದೂ ಒಂದ ನೇಯ್ಸೀನ್ರಿ ಅಕ್ಕಾರ," ಎಂದಳು ಅಂಚು ಹೊಲಿಯುವ ಮಾದೇವಿ. ಅವಳ ಮಗಳು ಭಾರತ ತಂಡದಲ್ಲಿ ಆಡುತ್ತಾಳೆ. "ಮಂದಿ ನಗ್ತಾರಂತ ಮುಚ್ಚಿಟ್ಟೀನಿ."

ತೆಗೆದು ಕೈಗೆ ಕೊಟ್ಟಳು. ಯಾರೂ ಬಳಸದ ಆ ಟವೆಲ್ ತೊಯ್ದು ಭಾರವಾಗಿತ್ತು, ಬೆವರು ನಾರುತ್ತಿತ್ತು. ಎಳೆಗಳಲ್ಲಿ ಹಸಿ ಹುಲ್ಲಿನ ಚೂರು ಅಂಟಿತ್ತು.

"ದಿನಾ ಒಗದು ಒಣಗಸ್ತೀನ್ರಿ, ಮುಂಜಾನಿ ಮತ್ತ ಹಿಂಗ ಇರ್ತೈತಿ." ಅವಳು ದನಿ ತಗ್ಗಿಸಿದಳು. "ಗೆದ್ದವರ ಬೆವರೋ ಸೋತವರ ಬೆವರೋ, ವಾಸನಿ ಮ್ಯಾಲ ತಿಳೀತೈತೇನ್ರಿ?"