ಬಬಲೇಶ್ವರದಿಂದ ಹೋದ ಹನ್ನೊಂದು ಜನ

ಚದುರಂಗಕ್ಕೆ ನಮ್ಮ ಕಡೆ ಬುದ್ಧಿಬಳ ಎನ್ನುತ್ತಾರೆ. ನನಗೆ ಅದನ್ನು ಕಲಿಸಿದವರು ಅಪ್ಪ. ವಿಜಾಪುರದ ನಮ್ಮ ಮನೆಯಲ್ಲಿ ನಾನೊಬ್ಬಳೇ ಮಗಳು. ಅಪ್ಪನ ಎದುರಿಗೆ ಕೂಡಲು ಯಾರಾದರೂ ಬೇಕಿತ್ತು, ನಾನು ಕೂತೆ. ಇಪ್ಪತ್ತು ತುಂಬುವ ಹೊತ್ತಿಗೆ ಅವರನ್ನು ಸೋಲಿಸತೊಡಗಿದೆ. ಸತತವಾಗಿ ಮೂರು ಸಲ ಸೋತ ಮೇಲೆ ಅಪ್ಪ ಕಣ್ಣಿನ ನೆಪ ಹೇಳಿ ಆಟ ಬಿಟ್ಟರು. ವಾಚನಾಲಯದ ಹಿಂದಿನ ಕೋಣೆಯಲ್ಲಿ ದಿನವೂ ಆಟ ನಡೆಯುತ್ತಿತ್ತು, ಆದರೆ ಅಲ್ಲಿ ಹೆಂಗಸರು ಕಾಲಿಡುವ ರೂಢಿ ಇರಲಿಲ್ಲ.

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಾನಾಗ ಒಂದು ಕಚೇರಿಯಲ್ಲಿ ಟೈಪಿಸ್ಟ್. ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ, ಅಂಚೆಯ ಮೂಲಕ ಬುದ್ಧಿಬಳ ಆಡಬಯಸುವವರು ಬರೆಯಬೇಕೆಂದು ಎರಡು ಸಾಲಿನ ಪ್ರಕಟಣೆ ಕಂಡೆ. ಬಬಲೇಶ್ವರದ ಒಬ್ಬ ದರ್ಜಿಯ ವಿಳಾಸವಿತ್ತು. ಎರಡು ದಿನ ಯೋಚಿಸಿ ಒಂದು ಕಾರ್ಡು ಹಾಕಿದೆ. ಆಟದ ಹಾಸಿನ ಎಂಟು ಉದ್ದ ಸಾಲುಗಳಿಗೆ ಅ, ಆ, ಇ, ಈ ಎಂದು ಅಕ್ಷರ ಕೊಟ್ಟೆವು, ಮನೆಗಳಿಗೆ ಅಂಕಿ ಕೊಟ್ಟೆವು. 'ಕುದುರೆ ಉ ಐದಕ್ಕೆ' ಎಂದು ನಾನು ಬರೆದರೆ, ಮೂರು ನಾಲ್ಕು ದಿನದಲ್ಲಿ ಅವರ ದುಂಡನೆಯ ಅಕ್ಷರದಲ್ಲಿ ಉತ್ತರ ಬರುತ್ತಿತ್ತು. ಮೊದಲ ಕಾರ್ಡಿನಲ್ಲಿ 'ಮಹಾಶಯರೇ' ಎಂದಿದ್ದವರು, ನಾನು ಹೆಣ್ಣುಮಗಳೆಂದು ತಿಳಿದ ಮೇಲೆ 'ತಂಗೀ' ಎಂದು ಬರೆಯತೊಡಗಿದರು. ಎರಡು ವರ್ಷದಲ್ಲಿ ಮೂರು ಆಟ ಮುಗಿದವು. ಎರಡನ್ನು ನಾನು ಗೆದ್ದೆ. ಅವರ ಮುಖವನ್ನು ನಾನು ನೋಡಿರಲಿಲ್ಲ.

ನಡೆ ಬರೆದ ಮೇಲೂ ಕಾರ್ಡಿನಲ್ಲಿ ಜಾಗ ಉಳಿಯುತ್ತದೆ. ಅದನ್ನು ಖಾಲಿ ಬಿಡಲು ಮನಸ್ಸು ಬರುತ್ತಿರಲಿಲ್ಲ. ಅಪ್ಪನಿಗೆ ದಮ್ಮು ಹೆಚ್ಚಾಗಿತ್ತು, ಉತ್ತರ ತಡವಾಯಿತು ಎಂದು ಬರೆದೆ. ಕಚೇರಿಯಲ್ಲಿ ಬೈಸಿಕೊಂಡು ಅತ್ತುಬಿಟ್ಟೆ, ಅದಕ್ಕೇ ಆಟದಲ್ಲಿ ಒಂದು ಪ್ಯಾದೆ ಕಳೆದುಕೊಂಡೆ ಎಂದು ಬರೆದೆ. ಮನೆ ನನ್ನ ಸಂಬಳದ ಮೇಲೆಯೇ ನಡೆಯುತ್ತಿದೆ ಎಂದೂ ಒಮ್ಮೆ ಬರೆದೆ. ಅಪ್ಪನ ದಮ್ಮಿಗೆ ಒಂದು ಕಾರ್ಡಿನಲ್ಲಿ ಆಡಸೋಗೆಯ ಕಷಾಯ, ಮುಂದಿನದರಲ್ಲಿ ಹಿಪ್ಪಲಿ, ಅದರ ಮುಂದಿನದರಲ್ಲಿ ಯಾವುದೋ ಹಕೀಮರ ಪುಡಿ ಎಂದು ಸಲಹೆಗಳು ಬರುತ್ತಿದ್ದವು. ಒಬ್ಬ ದರ್ಜಿಗೆ ಇಷ್ಟು ಔಷಧ ಹೇಗೆ ಗೊತ್ತು ಎಂದು ಬೆರಗಾಗುತ್ತಿದ್ದೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ನಾಲ್ಕನೆಯ ಆಟ ನಡೆದಿರುವಾಗ ತಿಕೋಟಾದಿಂದ ಒಂದು ಸಂಬಂಧ ಬಂತು. ದ್ರಾಕ್ಷಿ ತೋಟದ ಮನೆತನ, ಹುಡುಗ ಹೈಸ್ಕೂಲು ಮಾಸ್ತರ. ಸೋದರಮಾವ ತಂದ ಸಂಬಂಧ. ಅಪ್ಪನ ದಮ್ಮಿನ ಮಾತು ಎತ್ತಬಾರದೆಂದು ಅವನು ಮೊದಲೇ ಹೇಳಿಟ್ಟಿದ್ದ. ಅವರು ಬಂದ ದಿನ ಅಪ್ಪ ಕೆಮ್ಮು ಬಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗಿ ಬಂದರು.

ಹುಡುಗ ನನ್ನನ್ನೇ ಕೇಳಿದ. "ಬಿಡುವಿದ್ದಾಗ ಏನ್ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು. "ಕಸೂತಿ ಹಾಕ್ತಾಳ್ರಿ."

ನನಗೆ ಸೂಜಿಗೆ ದಾರ ಪೋಣಿಸುವುದೇ ಕಷ್ಟ. ಹುಡುಗ ನನ್ನ ಬೆರಳುಗಳನ್ನು ನೋಡಿ ಸಣ್ಣಗೆ ನಕ್ಕ. ನಂಬಿಲ್ಲವೆಂದು ಗೊತ್ತಾಯಿತು. ಆ ನಗು ನನಗೆ ಹಿಡಿಸಿತು.

ಅಂದು ಸಂಜೆಯೇ ಕಾರ್ಡು ಬರೆದೆ. ನನ್ನ ಆನೆಯನ್ನು ಇ ಆರಕ್ಕೆ ನಡೆಸಿದೆ. ಕೆಳಗೆ, ತಿಕೋಟಾದ ಇಂಥ ಮನೆತನದವರು ನೋಡಿ ಹೋದರು, ಒಪ್ಪಿಗೆಯಾದಂತಿದೆ, ಮದುವೆಯಾದ ಮೇಲೆ ಆಡಲು ಬಿಡುತ್ತಾರೋ ಇಲ್ಲವೋ ಎಂದು ಬರೆದೆ. ಆ ಕೊನೆಯ ಸಾಲನ್ನು ನಾನು ಅವ್ವನಿಗೂ ಹೇಳಿರಲಿಲ್ಲ.

ಮರು ಆದಿತ್ಯವಾರ ಸೋದರಮಾವ ತಿಕೋಟಾದ ಬಸ್ಸಿನಿಂದಿಳಿದು ನೇರವಾಗಿ ನಮ್ಮ ಮನೆಗೆ ಬಂದ. ನೀರು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ಬಬಲೇಶ್ವರದಾಗ ನಿಮಗ ಯಾರದಾರ?" ಎಂದು ಅಪ್ಪನನ್ನು ಕೇಳಿದ.

"ಅಲ್ಲಿ ನಮ್ಮವ್ರು ಯಾರೂ ಇಲ್ಲಲ್ಲೋ."

"ಮತ್ತ ಹನ್ನೊಂದ ಮಂದಿ ಗಂಡಸ್ರು ಬೀಗರ ಪಡಸಾಲ್ಯಾಗ ಬಂದು ಕುಂತಿದ್ರಲ್ಲ, ಅವರ‍್ಯಾರು? 'ನಮ್ಮ ತಂಗೀನ ಆಟ ಬಿಡಸಬ್ಯಾಡ್ರಿ' ಅಂತ ಕೈ ಮುಗದಾರ. ಹಾಸು ಹಾಸಿ ಹುಡುಗನ್ನ ಆಡಾಕ ಕುಂದ್ರಿಸ್ಯಾರ. ಅಂವಗ ಬರಂಗಿಲ್ಲ, ಪಾಪ. ಸೋಲಿಸಿ, 'ಇಂವಾ ತಂಗಿಗೆ ಸಾಟಿ ಅಲ್ಲ, ಆದ್ರ ಹುಡುಗ ಛಲೋ ಅದಾನ' ಅಂತ ಅವರಪ್ಪನ ಮುಂದನ ಅಂದಾರ!"

ಅವ್ವ ಗೋಡೆ ಹಿಡಿದು ಕೂತಳು. ಮಾವ ಮುಗಿಸಿರಲಿಲ್ಲ.

"ಮ್ಯಾಲ, 'ತಂಗಿ ಅಪ್ಪಗ ದಮ್ಮೈತಿ, ಮನಿ ಆಕೀ ಪಗಾರದ ಮ್ಯಾಲ ನಡೀತೈತಿ, ನೌಕರೀನೂ ಬಿಡಸಬ್ಯಾಡ್ರಿ' ಅಂದಾರ. ನಾ ಮುಚ್ಚಿಟ್ಟದ್ದೆಲ್ಲಾ ತಗದಾರ. ಬೀಗರು ನನ್ನ ಮಾರಿ ನೋಡವಲ್ರು. ಮುರದ್ಹೋತು ಸಂಬಂಧ."

ಅಪ್ಪ ನನ್ನತ್ತ ತಿರುಗಿದರು. ಕಾರ್ಡಿನ ಆಟ ಅವರಿಗೆ ಗೊತ್ತಿತ್ತು. "ಒಬ್ಬಾಂವ ದರ್ಜಿ ಅಂದಿದ್ದಿಯಲ್ಲ?"

"ಒಬ್ರೇರಿ ಅಪ್ಪಾ," ಎಂದೆ. "ಉಳಿದ ಹತ್ತು ಮಂದಿ ಯಾರಂತ ನನಗೂ ಗೊತ್ತಿಲ್ಲ."

ಮರುದಿನ ರಜೆ ಹಾಕಿ, ಯಾರಿಗೂ ಹೇಳದೆ ಬಬಲೇಶ್ವರದ ಬಸ್ಸು ಹತ್ತಿದೆ. ಬೈಯಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ದರ್ಜಿಯ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಪಕ್ಕದವರು ಎದುರಿನ ಚಹಾದಂಗಡಿ ತೋರಿಸಿದರು.

ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ. ಗೋಡೆಗೆ ಈ ತುದಿಯಿಂದ ಆ ತುದಿಯವರೆಗೆ ತಂತಿ ಕಟ್ಟಿ, ಅದಕ್ಕೆ ಸಾಲಾಗಿ ಕಾರ್ಡುಗಳನ್ನು ಸಿಕ್ಕಿಸಿದ್ದರು. ಎರಡು ವರ್ಷದ ನನ್ನ ಕಾರ್ಡುಗಳು. ಹೊಗೆಗೆ ಹಳದಿಯಾಗಿದ್ದವು, ಅಕ್ಷರ ಮಾತ್ರ ಸ್ಪಷ್ಟವಾಗಿತ್ತು. ನಡುವಿನ ಮೇಜಿಗೆ ಬಣ್ಣದಲ್ಲಿ ಅರವತ್ನಾಲ್ಕು ಮನೆ ಬರೆದಿದ್ದರು. ಸುತ್ತ ಏಳೆಂಟು ಜನ ಬಗ್ಗಿ ಜಗಳವಾಡುತ್ತಿದ್ದರು.

ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಮಧ್ಯವಯಸ್ಸಿನವರೊಬ್ಬರು ತಲೆ ಎತ್ತಿದರು. "ಯಾರ್ ಬೇಕಾಗಿತ್ರಿ?"

"ಕಾರ್ಡ್ ಬರ‍್ಯಾಕಿ ನಾನ," ಎಂದೆ.

ಒಬ್ಬ ಕೂಗಿದ. "ತಂಗಿ ಬಂದಾಳ್ರಲೇ!" ಇನ್ನೊಬ್ಬ ಉಳಿದವರನ್ನು ಕರೆಯಲು ಹೊರಗೆ ಓಡಿದ. ಯಾರೋ ಕುರ್ಚಿ ಒರೆಸಿದರು, ಯಾರೋ ಭಜಿ ತಂದಿಟ್ಟರು. ಮುದುಕರೊಬ್ಬರು ತೀರಾ ಆಪ್ತರಂತೆ ಕೇಳಿದರು. "ಅಪ್ಪಾರ ದಮ್ಮ ಹೆಂಗೈತ್ರಿ ಈಗ? ಹಿಪ್ಪಲಿ ಕೊಟ್ರಿಲ್ಲೊ?"

ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ಈ ಜನರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಇವರಿಗೆ ನಾನು ಯಾವ ದಿನ ಅತ್ತಿದ್ದೆ ಎಂಬುದೂ ಗೊತ್ತು.

"ನಾ ಒಬ್ರಿಗೆ ಬರದಿದ್ನಿ," ಎಂದೆ. "ಊರಿಗೆಲ್ಲ ಬರದಿದ್ದಿಲ್ಲ."

ದರ್ಜಿ ಇನ್ನೂ ನಗುತ್ತಲೇ ಇದ್ದರು. "ಮೊದಲ ನಾ ಒಬ್ನ ಆಡತಿದ್ದೆ ತಂಗಿ. ಒಂದಿನ ನಿಮ್ಮ ಡಾವು ತಿಳೀಲಿಲ್ಲ, ಇವರನ್ನ ಕೇಳಿದೆ. ಆಮ್ಯಾಲ ಇವರು ಬಿಡಲೇ ಇಲ್ಲ. ನಿಮ್ಮ ಕಾರ್ಡ್ ಬಂದ ದಿನ ಇಲ್ಲಿ ಕುಂದ್ರಾಕ ಜಾಗಾ ಇರಂಗಿಲ್ಲ."

"ತಿಕೋಟಾಕ್ಕ ಯಾಕ ಹೋದ್ರಿ?"

"ಆಡಾಕ ಬಿಡ್ತಾರೊ ಇಲ್ಲೊ ಅಂತ ನೀವ ಬರದಿದ್ರಿ. ಕೇಳಿ ಬರೋಣ ಅಂತ ಹ್ವಾದ್ವಿ. ಅವರು ಚಹಾ ಕೊಟ್ರು, ಭಾಳ ಮರ್ಯಾದಿ ಮಾಡಿದ್ರು."

"ಸಂಬಂಧ ಮುರೀತು," ಎಂದೆ.

ಅವರ ಮುಖದ ನಗು ಒಮ್ಮೆಲೇ ಆರಲಿಲ್ಲ. ಮಾತು ಅರ್ಥವಾಗುವವರೆಗೆ ಹಾಗೆಯೇ ನಿಂತಿತ್ತು. ಆಮೇಲೆ ಅವರು ಅಳತೆಪಟ್ಟಿಯನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಳ್ಳತೊಡಗಿದರು. ಒಲೆಯ ಹತ್ತಿರವಿದ್ದ ಅಂಗಡಿಯವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಬುದ್ಧಿಬಳ ಆಡ್ತಾರಂತ ಬುದ್ಧಿಬಳ! ಬುದ್ಧಿ ಎಲ್ಲೈತಿ? ಹೋಗಬ್ಯಾಡ್ರಿ ಅಂದ್ನಿಲ್ಲೊ ನಾ? ಹೆಣ್ಣ ಹುಡುಗೀ ಬಾಳೇದ ನಿಮಗ ಪ್ಯಾದೆ ಆತೇನು?"

ಬಾಗಿಲ ಹತ್ತಿರವಿದ್ದ ಸಣಕಲ ಮನುಷ್ಯನೊಬ್ಬ ತಡೆಯಲಾರದೆ ಕೇಳಿಬಿಟ್ಟ. "ತಂಗೀ, ಸಿಟ್ಟಾಗಬ್ಯಾಡ್ರಿ. ಆನಿ ಈ ಆರಕ್ಕ ಯಾಕ ಇಟ್ರಿ? ನಾಕ ದಿನಾತು, ತಿಳೀವಲ್ದು."

ಅವನನ್ನು ಹೊಡೆಯಬೇಕೆನಿಸಿತು. ಆದರೆ ಕಣ್ಣು ಮೇಜಿನತ್ತ ಹೋಯಿತು. ನನ್ನ ಆನೆ ತಪ್ಪು ಮನೆಯಲ್ಲಿ ನಿಂತಿತ್ತು. ಪಕ್ಕದಲ್ಲಿದ್ದ ಕೊನೆಯ ಕಾರ್ಡಿನ ಮೇಲೆ ಚಹಾದ ಹನಿ ಬಿದ್ದು 'ಇ' ಅಕ್ಷರ ಹರಡಿ 'ಈ' ಆಗಿತ್ತು. ನಾನು ಬಗ್ಗಿ ಆನೆಯನ್ನು ಒಂದು ಮನೆ ಎಡಕ್ಕೆ ಸರಿಸಿದೆ.

"ಈ ಅಲ್ರಿ, ಇ."

"ಹೌದಲ್ಲೋ!" ಎಂದು ನಾಲ್ಕೈದು ಜನ ಒಟ್ಟಿಗೆ ಉಸಿರೆಳೆದರು.

ಕೈ ಹಿಂದಕ್ಕೆಳೆದುಕೊಂಡೆ. ಅಂದು ನಡೆದದ್ದರಲ್ಲೆಲ್ಲ ನನ್ನನ್ನು ಹೆಚ್ಚು ದಂಗುಬಡಿಸಿದ್ದು ಇದೇ. ಮುರಿದ ಸಂಬಂಧಕ್ಕೆ ಜಗಳ ಕಾಯಲು ಬಂದವಳು ಆನೆಯನ್ನು ಸರಿಮಾಡಿ ನಿಂತಿದ್ದೆ. ಕಣ್ಣಲ್ಲಿ ನೀರು ಬಂದದ್ದು ಆಗ. ದರ್ಜಿ ತಾವೇ ತಂತಿಯಿಂದ ಕಾರ್ಡುಗಳನ್ನು ಒಂದೊಂದಾಗಿ ಬಿಡಿಸಿ, ಬಟ್ಟೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಬಸ್ಸಿನವರೆಗೆ ದೂರದಲ್ಲಿ ನಡೆದು ಬಂದರು.

ತಿಕೋಟಾಕ್ಕೆ ಹೋಗಿ ಮಾಫಿ ಕೇಳುತ್ತೇವೆ ಎಂದು ಮೂರನೆಯ ದಿನ ಅವರ ಕಾರ್ಡು ಬಂತು. ಓದಿ ಗಾಬರಿಯಾಗಿ ಅಂಚೆ ಕಚೇರಿಗೆ ಓಡಿ, ಯಾರೂ ಎಲ್ಲಿಗೂ ಹೋಗಕೂಡದೆಂದು ತಂತಿ ಕೊಟ್ಟೆ. ಸಂಬಂಧ ಮತ್ತೆ ಕೂಡಲಿಲ್ಲ. ಮಾಸ್ತರರಿಗೆ ಆ ವರ್ಷವೇ ಬೇರೆ ಕಡೆ ಮದುವೆಯಾಯಿತು. ಅವರ ಆ ನಗು ಬಹಳ ದಿನ ನೆನಪಿಗೆ ಬರುತ್ತಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವ್ವ ಚಳಿಗಾಲ ಮುಗಿಯುವವರೆಗೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಪ್ಪ ಮಾತ್ರ ಭೂತಗನ್ನಡಿ ಹಿಡಿದು ಅಷ್ಟೂ ಕಾರ್ಡುಗಳನ್ನು ಓದಿದರು. ಮುಗಿಸಿ, "ನಾ ಇಷ್ಟ ಸಲ ಕೆಮ್ಮೇನೇನು?" ಎಂದು ಕೇಳಿದರು. ಬೈಯಲಿಲ್ಲ.

ನಾಲ್ಕು ತಿಂಗಳು ಬಿಟ್ಟು ನಾನು ಮತ್ತೆ ಬರೆದೆ, ಅಂಟಿಸಿದ ಲಕೋಟೆಯಲ್ಲಿ, ನಡೆಯೊಂದನ್ನೇ. ಅವರೂ ನಡೆಯೊಂದನ್ನೇ ಬರೆದು, ಕೆಳಗೆ ಹನ್ನೊಂದು ಜನ ಸಹಿ ಮಾಡಿ ಕಳಿಸಿದರು. ಆ ಆಟ ಅವರೇ ಗೆದ್ದರು. ಐದನೆಯದನ್ನು ನಾನು ಶುರುಮಾಡಲಿಲ್ಲ.

ಮರುವರ್ಷ ಅಥಣಿ ರಸ್ತೆಯ ಕಡೆಯವರೊಬ್ಬರು ನೋಡಲು ಬಂದರು. ಈ ಸಲ ಅವ್ವನಿಗೆ ಬಾಯಿ ತೆರೆಯಲು ಬಿಡದೆ ನಾನೇ ಎಲ್ಲ ಹೇಳಿದೆ. ಅಪ್ಪನ ದಮ್ಮು, ನನ್ನ ಸಂಬಳ, ಕಸೂತಿ ಬಾರದ್ದು, ಬುದ್ಧಿಬಳ, ಬಬಲೇಶ್ವರದ ಹನ್ನೊಂದು ಜನ. ಅವ್ವ ಒಳಗೆ ಎದ್ದು ಹೋದಳು. ಆ ಮನುಷ್ಯ ತಾಟಿನಲ್ಲಿದ್ದ ಶಿರಾ ಪೂರ್ತಿ ತಿಂದು ಮುಗಿಸಿ, "ನನಗ ಅದು ಆಡಾಕ ಬರಂಗಿಲ್ರಿ," ಎಂದರು. "ಕಲಿಬೇಕಂತ ಜುಲುಮಿ ಮಾಡಂಗಿಲ್ಲಲ್ಲ?"

ಮಾಡುವುದಿಲ್ಲ ಎಂದು ಮಾತು ಕೊಟ್ಟೆ.