ಹಸಿರು ಚುಕ್ಕೆಯ ಅಳಿಯ

ನನ್ನ ಅಳಿಯ ಹುಟ್ಟಿದಾಗ ಅತ್ತನೋ ಇಲ್ಲವೋ ನನಗೆ ಗೊತ್ತಿಲ್ಲ. "ಇದು ವಾರಂಟಿಗೆ ಬರಲ್ಲ" ಎಂದೇ ಬಾಯಿ ಬಿಟ್ಟಿರಬೇಕು. ಮೋಟಾರ್ ಸೈಕಲ್ ಶೋರೂಮಿನಲ್ಲಿ ಅವನಿಗೆ ಆ ಒಂದು ಮಾತಿನ ಉದ್ಯೋಗ. ಮುಂದುಗಡೆ ಗಾಜು, ಸೋಫಾ, ತಣ್ಣನೆ ಗಾಳಿ, ಫಳಫಳ ಹೊಳೆಯುವ ಗಾಡಿಗಳು. ಹಿಂದುಗಡೆ ತಗಡಿನ ಶೆಡ್ಡು, ಎಣ್ಣೆ ಜಿಡ್ಡು, ಕೆಟ್ಟು ನಿಂತ ಅವೇ ಗಾಡಿಗಳು. ನಡುವೆ ಕೌಂಟರಿನಲ್ಲಿ ಟೈ ಕಟ್ಟಿಕೊಂಡು ಇವನು. ಟೈ ಗಂಟು ಇವತ್ತಿಗೂ ನನ್ನ ಮಗಳೇ ಹಾಕಿಕೊಡಬೇಕು, ಅದಿರಲಿ.

ಯಾರೇ ದೂರು ತಂದರೂ ತಪ್ಪು ಅವರ ತಲೆಗೇ ಕಟ್ಟುವುದು ಇವನ ವಿದ್ಯೆ. ಒಮ್ಮೆ ಒಬ್ಬ ಮೇಷ್ಟ್ರನ್ನು ಕೇಳಿದನಂತೆ, "ಗಾಡಿನ ಮಳೇಲಿ ಓಡಿಸಿದ್ರಾ?"

"ಇಲ್ಲಪ್ಪ, ಮಳೆ ಬಂದಾಗೆಲ್ಲ ಮಡಚಿ ಜೇಬಲ್ಲಿಟ್ಕೋತಿದ್ದೆ!" ಎಂದರಂತೆ ಅವರು.

ಮನೆಯಲ್ಲೂ ಅದೇ ಚಾಳಿ. ಮಿಕ್ಸಿ ಸುಟ್ಟರೆ, "ಒದ್ದೆ ಕೈಲಿ ಮುಟ್ಟಿದ್ರಾ ಅತ್ತೆ?" ನನ್ನ ಮಂಡಿ ನೋವಿಗೂ, "ತಯಾರಿಕೆ ದೋಷ ಅಲ್ಲ ಅತ್ತೆ, ನೀವು ಬಳಸಿದ ರೀತಿ." ಮಂಡಿ ಬಳಸದೆ ಇವನ ಹೆಂಡತಿಯನ್ನು ಎತ್ತಿ ಆಡಿಸುವುದು ಹೇಗಂತೆ?

ಒಳ್ಳೆಯವನೇ. ನನಗೆ ಕಾಫಿ ಆರಿಸಿಕೊಡುತ್ತಾನೆ. ಆದರೆ ಕಂಪನಿ ಎಂದರೆ ಮೈಯೆಲ್ಲ ಭಕ್ತಿ.

ಆ ಭಕ್ತಿಯಲ್ಲೇ ಮಗಳಿಗೂ, ಅಂದರೆ ನನ್ನ ಮೊಮ್ಮಗಳಿಗೂ, ಅಲ್ಲಿಯದೇ ಗಾಡಿ ಕೊಡಿಸಿದ. ಅವಳು ನರ್ಸು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾಳೆ. ದಿನವೂ ಇಳಿಜಾರು ರಸ್ತೆಯಲ್ಲೇ ಓಡಾಟ.

ಆಮೇಲೆ ಕಂಪನಿಯವರು ಆ ಗಾಡಿಗಳನ್ನೆಲ್ಲ ವಾಪಸ್ ಕರೆದರು. ಮುಂದಿನ ಬ್ರೇಕಿಗೆ ಎಣ್ಣೆ ಒಯ್ಯುವ ಪೈಪು ತಿಕ್ಕಿ ತಿಕ್ಕಿ ಸೀಳುತ್ತದಂತೆ. "ತಪ್ಪಾಯ್ತು" ಎಂದರೆ ನಾಲಿಗೆ ಸವೆಯುತ್ತದಲ್ಲ, "ಮುನ್ನೆಚ್ಚರಿಕೆ ಕ್ರಮ" ಎಂದರು. ಹೊಸ ಪೈಪು ಹಾಕಿದ ಗಾಡಿಗೆ ಹ್ಯಾಂಡಲ್ ಕೆಳಗೆ ಹಸಿರು ಬಣ್ಣದ ಚುಕ್ಕೆ ಇಡಬೇಕು, ಕಂಪ್ಯೂಟರಿಗೆ "ಆಯಿತು" ಎಂದು ಹಾಕಬೇಕು. ಗಾಡಿಗಳು ಹಿಂಡು ಹಿಂಡಾಗಿ ಬಂದವು, ಪೈಪುಗಳು ಬರಲಿಲ್ಲ. ಮೇಲಿನವರು ಮಾತ್ರ "ಎಷ್ಟು ಮುಗೀತು?" ಎಂದು ಪೀಡಿಸತೊಡಗಿದರು. ಆಗ ನಮ್ಮ ಬುದ್ಧಿವಂತನಿಗೆ ಹೊಳೆಯಿತು: ಚುಕ್ಕೆ ಮೊದಲು ಇಟ್ಟು ಕಳಿಸೋಣ, ಪೈಪು ಬಂದ ಮೇಲೆ ಕರೆದು ಹಾಕೋಣ! ಬೇಗ ಮುಗಿಸಿದ್ದಕ್ಕೆ ಮ್ಯಾನೇಜರು ಬೆನ್ನು ತಟ್ಟಿದರು. ಪೈಪು ಬರುವಷ್ಟರಲ್ಲಿ ಯಾವ ಚುಕ್ಕೆ ನಿಜ, ಯಾವುದು ಬರೀ ಬಣ್ಣ ಎಂದು ಇಟ್ಟವರಿಗೇ ಮರೆತಿತ್ತು.

ಒಂದು ಬೆಳಿಗ್ಗೆ ಮೊಮ್ಮಗಳು ಕೆಲಸಕ್ಕೆ ಹೊರಟವಳು ಅಂದಳು, "ಅಪ್ಪ, ಬ್ರೇಕ್ ಹಿಡಿದ್ರೆ ಮೆತ್ತಗೆ ಒಳಗೆ ಹೋಗುತ್ತೆ. ನೀವು ರಜಾ ಹಾಕಿದ್ದಾಗ ಶೋರೂಮಿಗೆ ಕೊಟ್ಟಿದ್ದೆ. ಚುಕ್ಕೆ ಇಟ್ಟು ಆಯ್ತು ಅಂದ್ರು."

ಅಳಿಯನ ಲೋಟ ಬಾಯ ಹತ್ತಿರವೇ ನಿಂತಿತು. ಎದ್ದು ಓಡಿ ಗಾಡಿಯ ಮುಂದೆ ಕೂತು ಪೈಪು ಸವರಿದ. ಬೆರಳೆಲ್ಲ ಎಣ್ಣೆ.

"ಮಳೇಲಿ ಓಡಿಸಿದ್ಯಾ ಅಂತ ಕೇಳಲ್ವಾ ಅಪ್ಪ?" ಎಂದಳು ಇವಳು.

ಅವನು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ.

ಅಪ್ಪ ಮಗಳು ಸೇರಿ ಗಾಡಿಯನ್ನು ಟೆಂಪೋಗೆ ಹೇರಿ ಶೋರೂಮಿಗೆ ಒಯ್ದರು. ಮುಂದಿನ ಸೀಟಿನಲ್ಲಿ ನಾನು. ನೋಡದೆ ಬಿಡುವುದುಂಟೇ?

ಮ್ಯಾನೇಜರು ಕಂಪ್ಯೂಟರ್ ನೋಡಿ ಅಂದರು, "ಏನ್ರೀ, ಇದಕ್ಕೆ ಪೈಪ್ ಹಾಕಿ ಆಗಿದೆಯಲ್ಲ! ಒಂದ್ ಗಾಡಿಗೆ ಒಂದೇ. ಇನ್ನೊಂದು ವಾರಂಟಿಗೆ ಬರಲ್ಲ."

ಅಯ್ಯೋ, ಆಗ ಅಳಿಯನ ಮುಖ ನೋಡಬೇಕಿತ್ತು! ತಾನೇ ಬೇಯಿಸಿದ್ದನ್ನು ತನ್ನ ತಟ್ಟೆಗೇ ಬಡಿಸಿದ ಹಾಗಿತ್ತು.

ಮ್ಯಾನೇಜರು ದನಿ ತಗ್ಗಿಸಿದರು. "ಗಾಡಿ ಬಿದ್ದು ಪೈಪ್ ಹರೀತು ಅಂತ ಬರ್ಕೊಳ್ಳಿ. ದುಡ್ಡು ಕಟ್ಟಿ ಹಾಕ್ಸಿ. ಚುಕ್ಕೆ ವಿಷ್ಯ ಎತ್ತಿದ್ರೆ ನಿಮ್ ಕುರ್ಚಿನೂ ಹೋಗುತ್ತೆ, ನಂದೂ ಹೋಗುತ್ತೆ."

ಅಳಿಯ ಪೆನ್ನು ಎತ್ತಿಕೊಂಡ. ಎತ್ತಿಕೊಂಡ ಪುಣ್ಯಾತ್ಮ!

"ನಾನ್ಯಾವಾಗ ಬಿದ್ದೆ ಅಪ್ಪ?" ಎಂದಳು ಮೊಮ್ಮಗಳು, ಇಡೀ ಸೋಫಾಕ್ಕೆ ಕೇಳುವಂತೆ.

"ಇನ್ನೂ ಬಿದ್ದಿಲ್ಲ ಕಣೇ, ಮುಂಚೇನೇ ಬರ್ದಿಡ್ತಿದಾರೆ," ಎಂದೆ ನಾನು.

ಸೋಫಾದಲ್ಲಿದ್ದ ಒಬ್ಬ ಎದ್ದು ಬಂದ. ಅಲ್ಲೇ ಕೂತಿದ್ದ ಅವನ ಹೆಂಡತಿಯ ಮಡಿಲಲ್ಲಿ ಮಗು. "ಸಾರ್, ನಮ್ ಗಾಡಿಗೂ ಚುಕ್ಕೆ ಇದೆ. ಒಳಗೆ ಹೊಸ ಪೈಪ್ ಇದೆ ತಾನೇ?"

ಅಳಿಯ ಆ ಮಗುವನ್ನು ನೋಡಿದ, ತನ್ನ ಮಗಳನ್ನು ನೋಡಿದ. ಪೆನ್ನು ಕೆಳಗಿಟ್ಟ.

"ಗೊತ್ತಿಲ್ಲ," ಎಂದ. "ಚುಕ್ಕೆ ಮೊದ್ಲೇ ಇಟ್ಬಿಟ್ವಿ. ನಾನೇ ಹೇಳಿ ಇಡಿಸ್ದೆ. ಓಡಿಸ್ಬೇಡಿ."

ಆಮೇಲೆ ಅಲ್ಲಿ ಎದ್ದ ಗಲಾಟೆಗೆ ಆ ಗಾಜು ಒಡೆಯದೆ ಉಳಿದದ್ದೇ ಹೆಚ್ಚು. ಚುಕ್ಕೆ ಇಟ್ಟ ಗಾಡಿಗಳನ್ನೆಲ್ಲ ಮತ್ತೆ ಕರೆಯಬೇಕಾಯಿತು. ಕಂಪನಿ ಅದನ್ನೂ "ಹೆಚ್ಚುವರಿ ಮುನ್ನೆಚ್ಚರಿಕೆ" ಎಂದು ಕರೆದುಕೊಂಡಿತು, ಮಾನ ಮರ್ಯಾದೆ ಎಂಬುದಿದ್ದರೆ ತಾನೇ? ಮ್ಯಾನೇಜರು ಬೇರೆ ಶೋರೂಮಿನಲ್ಲಿ ಇನ್ನೂ ದೊಡ್ಡ ಮ್ಯಾನೇಜರಾದರು. ಅಳಿಯನಿಂದ ಕೌಂಟರು ಕಿತ್ತುಕೊಂಡು ಹಿಂದಿನ ಶೆಡ್ಡಿನಲ್ಲಿ ಒಂದು ಸ್ಟೂಲು ಕೊಟ್ಟರು. ಗಾಡಿಯವರಿಗೆ ಒಬ್ಬೊಬ್ಬರಿಗೂ ಫೋನು ಮಾಡಿ ಬೈಸಿಕೊಳ್ಳುವ ಕೆಲಸ. ಅಲ್ಲಿಗೆ ಟೈ ಬೇಡ. ನನ್ನ ಮಗಳಿಗೆ ಅಷ್ಟು ಕೆಲಸ ಉಳಿಯಿತು.

ಇವನನ್ನು ಹೊಗಳುತ್ತೇನೆಂದು ಯಾರೂ ಕಾಯಬೇಡಿ. ಸ್ವಂತ ಮಗಳ ಕುತ್ತಿಗೆಗೆ ಬರುವ ತನಕ ಬಾಯಿ ಬಿಡದವನು. ಆದರೆ ಮೊನ್ನೆ ಊಟದ ಬುತ್ತಿ ಕೊಡಲು ಶೆಡ್ಡಿಗೆ ಹೋಗಿದ್ದೆ. ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ:

"ಬೇಡಮ್ಮ, ನೀವು ಓಡಿಸ್ಕೊಂಡು ಬರ್ಬೇಡಿ. ನಾವೇ ಬಂದು ತಗೊಂಡು ಹೋಗ್ತೀವಿ. ಏನು? ಮಳೇಲಿ ಓಡಿಸಿದ್ರಾ? ಓಡಿಸಿದ್ರೆ ಏನಂತೆ ಬಿಡಿ, ಅದಕ್ಕೇ ಅಲ್ವೇನಮ್ಮ ಗಾಡಿ ಇರೋದು."